ಸೊನ್ನೆ–ಒಂದರ ಪಟ್ಟಿಯಕ್ಕ

ಪಟ್ಟಿಯಕ್ಕ ಯಾರನ್ನೂ "ಹೇಗಿದ್ದೀರಿ?" ಎಂದು ಕೇಳುವುದಿಲ್ಲ. ಅವರು ಕೇಳುವುದು "ಇದ್ದೀರಾ?" ಎಂದು. ಮೆಟ್ಟಿಲಲ್ಲಿ ಎದುರಾದ ಸಹೋದ್ಯೋಗಿಗೂ ಅದೇ ಪ್ರಶ್ನೆ, ನಲ್ಲಿ ರಿಪೇರಿಗೆ ಬಂದವನಿಗೂ ಅದೇ, ಇಪ್ಪತ್ತೆಂಟು ವರ್ಷ ಒಂದೇ ಸೂರಿನಡಿ ಬಾಳಿದ ಗಂಡನಿಗೆ ಮಧ್ಯಾಹ್ನ ಫೋನು ಮಾಡಿದಾಗಲೂ ಅದೇ. ಉಳಿದವರು ಆರೋಗ್ಯ, ಮಕ್ಕಳು, ಹವಾಮಾನ ಎಂದು ಊರೆಲ್ಲ ಸುತ್ತಿ ಕೊನೆಗೆ ಮುಟ್ಟುವ ಜಾಗಕ್ಕೆ ಇವರು ಮೊದಲ ಹೆಜ್ಜೆಯಲ್ಲೇ ಕಾಲಿಡುತ್ತಾರೆ. ಇರುವುದೊಂದು ಖಚಿತವಾದರೆ ಹೇಗಿರುವುದೆಂಬುದು ಬರೀ ಅಡಿಟಿಪ್ಪಣಿ ಎಂಬುದು ಅವರ ಮತ. ಎದುರಿನವರು "ಇದ್ದೀನಮ್ಮಾ" ಎಂದರೆ ಸಾಕು, ಕಣ್ಣು ತಾನಾಗಿ ಮಣಿಕಟ್ಟಿನ ಗಡಿಯಾರದ ಕಡೆಗೆ ಹೋಗುತ್ತದೆ; ಇಂಥ ದಿನ, ಇಂಥ ಹೊತ್ತಿಗೆ, ಇಂಥವರು ಇದ್ದರು ಎಂದು ಒಳಗೆಲ್ಲೋ ಒಂದು ಸಾಲು ಬರೆದುಕೊಂಡದ್ದು ಮುಖದ ಮೇಲೆಯೇ ಕಾಣುತ್ತದೆ.

ಇದಕ್ಕೆ ಜೋಡಿಯಾಗಿ ಇನ್ನೊಂದು ಚಾಳಿ. "ಇವತ್ತಿನವರೆಗೆ" ಎಂಬ ಅಗಳಿ ಹಾಕದೆ ಯಾವ ಮಾತನ್ನೂ ಅವರು ಹೊರಗೆ ಬಿಡುವವರಲ್ಲ. "ಇವತ್ತಿನವರೆಗೆ ನನಗೆ ಸಕ್ಕರೆ ಕಾಯಿಲೆ ಇಲ್ಲ." "ಇವತ್ತಿನವರೆಗೆ ಈ ಲಿಫ್ಟು ಯಾರನ್ನೂ ಒಳಗೆ ಹಿಡಿದಿಟ್ಟಿಲ್ಲ." ಹೊಸ ಪರಿಚಯದ ಉತ್ಸಾಹದಲ್ಲಿ ನನ್ನ ಹೆಂಡತಿ ಒಮ್ಮೆ, "ನಿಮ್ಮ ಯಜಮಾನರು ತುಂಬಾ ಒಳ್ಳೆಯವರಂತಲ್ಲ!" ಎಂದಳು. ಪಟ್ಟಿಯಕ್ಕ ಒಂದು ಕ್ಷಣ ಸಾಕ್ಷ್ಯಗಳನ್ನು ತೂಗಿನೋಡಿ, "ಇವತ್ತಿನವರೆಗೆ ಹೌದು" ಎಂದರು. ಪಕ್ಕದಲ್ಲೇ ಕೂತಿದ್ದ ಯಜಮಾನರು, ಶಾಲೆಯಲ್ಲಿ ಭೂಗೋಳ ಕಲಿಸುವ ಸಾಧುಪ್ರಾಣಿ, "ನೋಡಿದ್ರಾ? ನನ್ನ ಪರವಾನಗಿ ದಿನಾ ಸಂಜೆ ನವೀಕರಣ ಆಗ್ಬೇಕು" ಎಂದು ನಕ್ಕರು. ಪಟ್ಟಿಯಕ್ಕನ ಮಾತಿನಲ್ಲಿ ಅಂಥ ಕಹಿಯೇನೂ ಇಲ್ಲವೆಂದು ಆ ನಗೆಯೇ ಹೇಳುತ್ತಿತ್ತು.

ಎರಡೂ ಚಾಳಿಗಳು ಹೊಟ್ಟೆಪಾಡಿನಿಂದ ಅಂಟಿದವು. ಅನ್ನನಾಳದ ಕ್ಯಾನ್ಸರ್ ಬಂದವರಲ್ಲಿ ಯಾರು ಎಷ್ಟು ಕಾಲ ಉಳಿದಾರು ಎಂದು ಲೆಕ್ಕ ಹಾಕುವುದು ಅವರ ಕೆಲಸ. ಅನ್ನನಾಳವೆಂದರೆ ಗಂಟಲಿನಿಂದ ಹೊಟ್ಟೆಗೆ ಇಳಿಯುವ, ಒಂದು ಗೇಣಿಗಿಂತ ಚೂರು ಉದ್ದದ ಕೊಳವೆ. ಕೆಡುವವರೆಗೆ ಅದೊಂದು ತನ್ನಲ್ಲಿದೆ ಎಂದು ಯಾವ ಮನುಷ್ಯನಿಗೂ ನೆನಪಿರುವುದಿಲ್ಲ, ಕೆಟ್ಟ ಮೇಲೆ ಬೇರೆ ಏನೂ ನೆನಪಿರುವುದಿಲ್ಲ. ನನ್ನದನ್ನು ನಾಲ್ಕು ವರ್ಷದ ಹಿಂದೆ ಕತ್ತರಿಸಿ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಗಂಟಲಿಗೆ ಹೊಲಿದರು. ಅಂದಿನಿಂದ ನಾನು ಹೊಟ್ಟೆಯನ್ನು ಎದೆಯಲ್ಲಿಟ್ಟುಕೊಂಡು, ದಿನಕ್ಕೆ ಏಳು ಸಲ ಗುಬ್ಬಿಯಂತೆ ತಿಂದು, ನಾಲ್ಕು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತೇನೆ. ಹೀಗೆ ತೆಗೆದ ಗೆಡ್ಡೆಗಳನ್ನು ಆಸ್ಪತ್ರೆಯವರು ಬಿಸಾಡುವುದಿಲ್ಲ. ಒಂದೊಂದು ಚೂರನ್ನು ಮೇಣದಲ್ಲಿ ಅದ್ದಿ, ಬೆಂಕಿಪೊಟ್ಟಣದ ಅರ್ಧದಷ್ಟು ಅಚ್ಚು ಮಾಡಿ, ಸಾಲುಸಾಲಾಗಿ ಡ್ರಾಯರುಗಳಲ್ಲಿ ಇಡುತ್ತಾರೆ. ಆ ಮೇಣದ ಅಚ್ಚುಗಳಿಂದ ಎಲೆಗಿಂತ ತೆಳುವಾದ ಹೋಳು ತೆಗೆದು, ಒಳಗಿನ ವಂಶವಾಹಿಗಳಲ್ಲಿ ಯಾವುವು ಎಚ್ಚರವಾಗಿದ್ದವು, ಯಾವುವು ನಿದ್ದೆಯಲ್ಲಿದ್ದವು ಎಂದು ಯಂತ್ರಗಳು ಓದುತ್ತವೆ. ಆ ಓದನ್ನೂ ರೋಗಿಯ ಹಣೆಬರಹವನ್ನೂ ಅಕ್ಕಪಕ್ಕ ಇಟ್ಟು ಎರಡಕ್ಕೂ ನಂಟಿದೆಯೇ ಎಂದು ನೋಡುವವರು ಪಟ್ಟಿಯಕ್ಕ. ಯಾರಾದರೂ "ಡಾಕ್ಟ್ರೇ" ಎಂದು ಕರೆದರೆ ಅವರಿಗೆ ಸಿಟ್ಟು. "ನಾನು ಡಾಕ್ಟರಲ್ಲ. ಡಾಕ್ಟರುಗಳು ಬರೆದಿದ್ದನ್ನ ಎಣಿಸೋಳು."

ಅವರು ನಡೆಯುವುದನ್ನು ನೋಡಬೇಕು. ಆಸ್ಪತ್ರೆಯ ಕಾರಿಡಾರಿನ ನಡುವೆ ಎಂದೂ ನಡೆಯುವುದಿಲ್ಲ. ಗೋಡೆಗೆ ಒತ್ತಿಕೊಂಡು, ಎಡಗೈಯ ಬೆರಳುಗಳನ್ನು ಗೋಡೆಯ ಮೇಲೆ ಎಳೆಯುತ್ತ, ತುಂಬಿದ ಕೊಡ ಹೊತ್ತವರ ಹಾಗೆ ತಲೆ ಅಲುಗದಂತೆ ಸಾಗುತ್ತಾರೆ. ದಾರಿಯಲ್ಲಿ ಒಂದು ಅಂಕಿ ಹೊಳೆಯಿತೋ, ಅಲ್ಲೇ ಸ್ಥಾವರ. ಹಿಂದೆ ಗಾಲಿಕುರ್ಚಿ, ಔಷಧದ ಗಾಡಿ, ಬಟ್ಟೆಯ ಗಂಟು, ಎಲ್ಲವೂ ನಿಲ್ಲಬೇಕು. ಮೈಮೇಲೆ ಹನ್ನೆರಡು ತಿಂಗಳೂ ಕಂದುಬಣ್ಣದ ಒಂದು ಗಂಡಸರ ಕೋಟು. ಯಂತ್ರಗಳಿಗೆ ಚಳಿ ಬೇಕೆಂದು ಅವರು ಕೂರುವ ಮಹಡಿಯನ್ನು ಮಂಜಿನಷ್ಟು ತಣ್ಣಗೆ ಇಡುತ್ತಾರೆ, ಯಂತ್ರಗಳ ಪಕ್ಕ ಕೂರುವವರ ಬಗ್ಗೆ ಯಾರೂ ಯೋಚಿಸಿಲ್ಲ. ಹಾಗಾಗಿ ಗಂಡನ ಹಳೆಯ ಕೋಟನ್ನು, ತೋಳುಗಳನ್ನು ಎರಡೆರಡು ಮಡಿಕೆ ಮಡಚಿ, ರಕ್ಷಾಕವಚವಾಗಿ ತೊಟ್ಟಿದ್ದಾರೆ. ಜೇಬುಗಳಲ್ಲಿ ಮೋಟು ಪೆನ್ಸಿಲುಗಳು ಮತ್ತು ಟೆಲಿಫೋನ್ ನಂಬರು ಬರೆದ ಚೀಟಿಗಳು. ಮೋಟು ಯಾಕೆಂದರೆ ಉದ್ದ ಪೆನ್ಸಿಲನ್ನು ಜನ ಕೇಳಿ ಪಡೆದು ವಾಪಸು ಕೊಡುವುದಿಲ್ಲವಂತೆ.

ಚೀಟಿಗಳ ವಿಷಯವೇ ಅವರ ಮಹಾಕಾವ್ಯ. ಲೆಕ್ಕದ ಜನರಿಗೆ ಸಾಮಾನ್ಯವಾಗಿ ಪಟ್ಟಿ ಬಂದರೆ ಮುಗಿಯಿತು. ಅಲ್ಲಿ 'ಬದುಕಿದ್ದಾರೆ' ಎಂದಿದ್ದರೆ ಬದುಕಿದ್ದಾರೆ, 'ಸಂಪರ್ಕವಿಲ್ಲ' ಎಂದಿದ್ದರೆ ಇಲ್ಲ. ಇವರು ಹಾಗೆ ಬಿಡುವವರಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ವರ್ಷಕ್ಕೆರಡು ಸಲ ಸ್ವತಃ ಫೋನು ಮಾಡುತ್ತಾರೆ. ಸಮಯ ಬೆಳಗ್ಗೆ ಹನ್ನೊಂದರಿಂದ ಹನ್ನೆರಡು, ಅದರ ಆಚೆಯೂ ಇಲ್ಲ ಈಚೆಯೂ ಇಲ್ಲ. ಅನ್ನನಾಳದ ರೋಗಿ ಒಂದು ತುತ್ತು ನುಂಗಲು ಐದು ನಿಮಿಷ ಹೋರಾಡುವವನು, ಆ ಯುದ್ಧದ ನಡುವೆ ಫೋನು ಬಾರಿಸುವುದು ಪಾಪ ಎಂಬುದು ಅವರ ಲೆಕ್ಕ. ಹೊಸ ರೋಗಿ ಸೇರಿದಾಗ ಹಾಸಿಗೆಯ ಬಳಿ ತಾವೇ ಹೋಗಿ ಮೂರು ನಂಬರು ಬರೆದುಕೊಳ್ಳುತ್ತಾರೆ: ನಿಮ್ಮದೊಂದು, ನೆರೆಯವರದೊಂದು, ನಿಮ್ಮ ಜೊತೆ ಜಗಳ ಆಡಿ ಮಾತು ಬಿಟ್ಟವರದೊಂದು.

"ಅವರದ್ಯಾಕಮ್ಮ?" ಎಂದು ಜನ ಬೆಚ್ಚುತ್ತಾರೆ.

"ಸ್ನೇಹಿತರು ಮರೀತಾರೆ, ನಂಟರು ನಂಬರ್ ಬದಲಾಯಿಸ್ತಾರೆ. ಜಗಳ ಆಡ್ದೋರು ಮಾತ್ರ ನಾವೆಲ್ಲಿದ್ದೀವಿ, ಹೇಗಿದ್ದೀವಿ ಅಂತ ಕಣ್ಣಿಟ್ಟಿರ್ತಾರೆ. ಕೊಡಿ."

ಇನ್ನೊಂದು ನಿಯಮವನ್ನು ಅವರು ಬಾಯಿಬಿಟ್ಟು ಹೇಳಿದ್ದಲ್ಲ, ನಾನೇ ಕಂಡುಕೊಂಡದ್ದು. ಬದುಕಿರುವವರಿಗೆ ಕೂತು ಫೋನು ಮಾಡುತ್ತಾರೆ. ತೀರಿಕೊಂಡವರ ಮನೆಗೆ, ದಿನಾಂಕವನ್ನೋ ಕೊನೆಯ ದಿನಗಳ ವಿವರವನ್ನೋ ಕೇಳಬೇಕಾದಾಗ, ಎದ್ದು ನಿಂತು ಫೋನು ಮಾಡುತ್ತಾರೆ. ಮಾತು ಮುಗಿಯುವವರೆಗೂ ಕೂರುವುದಿಲ್ಲ.

ಎರಡು ವರ್ಷದ ಹಿಂದೆ, ಒಂದು ಮಂಗಳವಾರ, ಹನ್ನೊಂದು ಗಂಟೆ ಐದು ನಿಮಿಷಕ್ಕೆ ನನ್ನ ಮನೆಯ ಫೋನು ಹೊಡೆದುಕೊಂಡಿತು. ಆ ಕ್ಷಣದಲ್ಲಿ ಅವರು ನಿಂತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

"ಇದು ಇಂಥವರ ಮನೆನಾ?" ಎಂದು ತಗ್ಗಿದ ದನಿ ನನ್ನ ಹೆಸರು ಹೇಳಿತು.

"ಹೌದು, ನಾನೇ."

ಆ ಕಡೆ ಹಾಳೆಗಳನ್ನು ಮಗುಚಿದ ಸದ್ದು. ಆಮೇಲೆ, "ನೀವೇ ಅಂದ್ರೆ? ಅವರ ಮಗನಾ?"

"ಅಮ್ಮಾ, ನಾನು ಅಂದ್ರೆ ನಾನೇ. ಆಪರೇಷನ್ ಆಗಿತ್ತಲ್ಲ, ಅವನೇ."

"ಇದ್ದೀರಾ?"

"ಖಾತ್ರಿ ಇಲ್ಲ. ಹೆಂಡತಿ ಒಳಗಿದ್ದಾಳೆ, ಕೇಳಿ ಹೇಳ್ಲಾ?"

"ತಮಾಷೆ ಬೇಡಿ. ನಮ್ಮ ಪಟ್ಟಿಯಲ್ಲಿ ನೀವು ತೀರಿಕೊಂಡು ಹದಿನಾಲ್ಕು ತಿಂಗಳಾಯ್ತು."

ನನ್ನ ಸಾವಿನ ಸುದ್ದಿ ನನಗೆ ತಲುಪಿದ್ದು ಹೀಗೆ. ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸದೆ, "ಹದಿನಾಲ್ಕು ತಿಂಗಳಿಂದ ಸತ್ತೋರಿಗಾ ನಾನು ದಿನಕ್ಕೆ ಏಳು ಸಲ ಬೇಯಿಸಿ ಹಾಕ್ತಿರೋದು? ಹೋಗಿ ಸರಿ ಮಾಡಿಸ್ಕೊಂಡು ಬನ್ನಿ" ಎಂದು ಆಜ್ಞಾಪಿಸಿದಳು. ಸತ್ತವನು ಅಂಗಿ ತೊಟ್ಟು, ಬಸ್ಸು ಹತ್ತಿ, ನದಿಯಾಚೆಯ ಅವರ ಆಸ್ಪತ್ರೆಯ ಹಿಂಬದಿಯ ಕಟ್ಟಡದ ಮೂರನೇ ಮಹಡಿಗೆ ದಂಡಯಾತ್ರೆ ಹೊರಟ.

ಹಿನ್ನೆಲೆ ಇಷ್ಟೇ. ನನಗೆ ಚಿಕಿತ್ಸೆಯಾದದ್ದು ನದಿಯ ಈಚೆಗಿನ ಆಸ್ಪತ್ರೆಯಲ್ಲಿ. ಪಟ್ಟಿಯಕ್ಕನ ಆಸ್ಪತ್ರೆಯ ರೋಗಿಗಳು ಎಂಬತ್ತನಾಲ್ಕೇ. ಲೆಕ್ಕಕ್ಕೆ ಅದು ಸಾಲದೆಂದು ಆ ಫೋನಿಗೂ ಆರು ವರ್ಷ ಮೊದಲೇ ನಮ್ಮ ಆಸ್ಪತ್ರೆಯವರನ್ನು ಜೊತೆಗೆ ಸೇರಿಸಿಕೊಂಡಿದ್ದರು. ಸಂಶೋಧನೆಗೆ ಒಪ್ಪಿ ಸಹಿ ಹಾಕಿದವರು ವರ್ಷವರ್ಷವೂ ಸೇರುತ್ತ ಹೋಗಿ ನಾವು ನೂರ ಹದಿನೆಂಟು ಜನರಾದೆವು. ಮೇಣದ ಅಚ್ಚುಗಳು ಬಂದವು, ಪಟ್ಟಿಯೂ ಬಂತು. ಆದರೆ ನಮ್ಮ ಟೆಲಿಫೋನ್ ನಂಬರುಗಳನ್ನು ಕೊಡುವ ಅನುಮತಿ ಪತ್ರ ಮಾತ್ರ ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಮಾಡುತ್ತ ವರ್ಷಗಳನ್ನೇ ಕಳೆದು ಆ ಮಂಗಳವಾರದ ಹಿಂದಿನ ದಿನ ಅವರ ಕೈಸೇರಿತ್ತು. ಅವರು ಮೊದಲು ಎತ್ತಿಕೊಂಡದ್ದು ತೀರಿಕೊಂಡವರ ಮನೆಗಳನ್ನು. ಮೂರನೆಯ ಫೋನು ನನ್ನದು. ಮೊದಲ ಎರಡು ಮನೆಗಳಲ್ಲಿ ಯಾರೂ ಎತ್ತಿರಲಿಲ್ಲ.

ಕೋಣೆಗೆ ಹೋಗಿ ನಿಂತೆ. ಕಂದು ಕೋಟಿನ ಹೆಂಗಸು ಅಡಿಯಿಂದ ಮುಡಿಯವರೆಗೆ ನನ್ನನ್ನು ನೋಡಿದರು. ಸತ್ತವನು ಎದುರಿಗೆ ನಿಂತಿದ್ದರೂ ನಂಬಲಿಲ್ಲ.

"ಡಿಸ್ಚಾರ್ಜ್ ಪತ್ರ ತಂದಿದ್ದೀರಾ?"

"ಉಸಿರಾಡ್ತಿದ್ದೀನಲ್ಲಮ್ಮ."

"ಉಸಿರಾಡೋದು ದಾಖಲೆ ಅಲ್ಲ. ನಾಳೆ ತನ್ನಿ."

ಮರುದಿನ ಪತ್ರ ಒಯ್ದೆ. ಅದರಲ್ಲಿದ್ದ ವಯಸ್ಸಿಗೂ ಪಟ್ಟಿಯ ವಯಸ್ಸಿಗೂ ಒಂದು ವರ್ಷ ವ್ಯತ್ಯಾಸವಿತ್ತು. ಮೂರನೆಯ ದಿನ ಶಾಲೆಯ ದಾಖಲೆ ಬೇಕಾಯಿತು. ಜಗತ್ತಿನಲ್ಲಿ ಇಷ್ಟು ಕಷ್ಟಪಟ್ಟು ಬದುಕಿದವನು ನಾನೊಬ್ಬನೇ ಇರಬೇಕು. ಆದರೆ ಆ ನೆಪದಲ್ಲಿ ನಾನು ಅಲ್ಲಿ ಕೂತೆ, ಮಾತಾಡಿದೆ, ಕಲಿತೆ. ಅವರು ಓದುತ್ತಿದ್ದ ವಂಶವಾಹಿಗಳು ಯಾವುವು ಎಂದು ಕೇಳಿದಾಗ ಅವರು ಹೇಳಿದ್ದು ಹೀಗೆ:

"ಊರಿಗೆ ಕಳ್ಳ ನುಗ್ಗಿದ್ದಾನೆ ಅಂತಿಟ್ಕೊಳ್ಳಿ. ಕಳ್ಳ ಎಷ್ಟು ಗಟ್ಟಿ ಅಂತ ಎಲ್ಲರೂ ನೋಡ್ತಾರೆ. ನಾವು ನೋಡೋದು ಕಾವಲುಗಾರರನ್ನ. ಎಷ್ಟು ಜನ ಎದ್ದಿದ್ದಾರೆ, ಯಾರು ಲಾಟೀನು ಹಿಡಿದು ಓಡ್ತಿದ್ದಾರೆ, ಯಾರು ಎಚ್ಚರ ಇದ್ದೂ ಮುಸುಕು ಎಳ್ಕೊಂಡಿದ್ದಾರೆ. ಗೆಡ್ಡೆ ಒಳಗೇ ಅದೆಲ್ಲ ಬರೆದಿರುತ್ತೆ. ಒಂಬತ್ತು ವಂಶವಾಹಿ ಸಾಕು, ಕಾವಲು ಹೇಗಿತ್ತು ಅಂತ ಒಂದು ಅಂಕ ಕೊಡ್ಬಹುದು."

"ನನ್ನ ಗೆಡ್ಡೇಲಿ ಎಷ್ಟು ಜನ ಎದ್ದಿದ್ರು?"

"ಹೇಳಲ್ಲ. ಆ ಅಂಕ ನಿಮ್ಮ ಬಗ್ಗೆ ಏನೂ ಹೇಳಲ್ಲ, ನಿಮ್ಮಂಥ ನೂರು ಜನರ ಬಗ್ಗೆ ಹೇಳುತ್ತೆ. ಮನೆಗೆ ತಗೊಂಡು ಹೋದ್ರೆ ಅದನ್ನ ದಿಂಬಿನ ಕೆಳಗೆ ಇಟ್ಕೊಂಡು ಕೊರಗ್ತೀರಿ."

ಕಾವಲುಗಾರರು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ನನ್ನಂಥ ಪಾಮರನಿಗೂ ತೋರುತ್ತದೆ. ಆದರೆ ಆರು ವರ್ಷದ ಅವರ ಲೆಕ್ಕ ತದ್ವಿರುದ್ಧ ಹೇಳುತ್ತಿತ್ತು: ಕಾವಲು ಹೆಚ್ಚಿದ್ದವರೇ ಬೇಗ ಸಾಯುತ್ತಾರೆ. ವಿಭಾಗದ ಮುಖ್ಯಸ್ಥರು, ಎಲ್ಲರೂ ದೊಡ್ಡ ಡಾಕ್ಟರು ಎನ್ನುವವರು, ಈ ವೈಚಿತ್ರ್ಯಕ್ಕೆ ಮನಸೋತು, ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂಬ ಭವ್ಯ ಸಿದ್ಧಾಂತವನ್ನು ಕಟ್ಟಿ ಮೂರು ಪುಟ ಬರೆದಿದ್ದರು. ಅದರಲ್ಲಿ ಅರ್ಧ ಪುಟ ಪಟ್ಟಿಯಕ್ಕನದೇ, ಮತ್ತು ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಲೇಖನ ಅಚ್ಚಾಗಿತ್ತು. ಮುಂದಿನ ಸೋಮವಾರದಿಂದ ಆ ಅಂಕ ವಾರ್ಡಿಗಿಳಿಯುವುದಿತ್ತು: ಆಪರೇಷನ್ ಆದ ಹೊಸ ರೋಗಿಗಳಲ್ಲಿ ಕಾವಲು ಹೆಚ್ಚಿರುವವರಿಗೆ ಇನ್ನೊಂದು ಸುತ್ತಿನ ಔಷಧ, ಕಾವಲು ಕಡಿಮೆಯಿರುವವರು ಕ್ಷೇಮ, ಅವರನ್ನು ಸುಮ್ಮನೆ ಹಿಂಸಿಸದೆ ಮನೆಗೆ ಕಳಿಸುವುದು.

ಮನೆಗೆ ಹೋಗುವವರ ಪಟ್ಟಿಯಲ್ಲಿ ಮೊದಲನೆಯವರು ಎರಡನೇ ಮಹಡಿಯ ವಾರ್ಡಿನಲ್ಲಿದ್ದ ಒಬ್ಬ ದರ್ಜಿ ಹೆಂಗಸು. ಪಟ್ಟಿಯಕ್ಕ ಮೂರು ನಂಬರು ಕೇಳಲು ಹೋದಾಗ ಆಕೆ ನಂಬರಿಗಿಂತ ಮೊದಲು ಕೋಟನ್ನು ನೋಡಿದ್ದರಂತೆ.

"ಆ ತೋಳು ನೋಡಿದ್ರೆ ನನ್ನ ಕೈ ತುರಿಸುತ್ತೆ. ಬಿಚ್ಚಿ ಕೊಡಿ ಇಲ್ಲಿ, ಒಂದು ಹೊಲಿಗೆ ಹಾಕ್ತೀನಿ."

"ಮೊದಲು ಜಗಳ ಆಡಿದವರ ನಂಬರ್ ಕೊಡಿ."

"ನನ್ನ ನಾದಿನೀದು ಬರ್ಕೊಳ್ಳಿ. ಹತ್ತು ವರ್ಷ ಆಯ್ತು ಮಾತಾಡಿ. ನಾನು ಸತ್ರೆ ಮೊದ್ಲು ಗೊತ್ತಾಗೋದು ಅವಳಿಗೇ."

ನಾಲ್ಕನೆಯ ದಿನ, ಅಂದರೆ ಶುಕ್ರವಾರ, ನಾನು ಶಾಲೆಯ ದಾಖಲೆ ಹಿಡಿದು ಹೋದಾಗ ಅವರು ಬಾಗಿಲು ಮುಚ್ಚಿಕೊಂಡು ಫೋನು ಮಾಡುತ್ತಿದ್ದರು. ಹನ್ನೊಂದು ಗಂಟೆಯ ನಿಯಮವೂ ಅಂದು ಮುರಿದಿತ್ತು. ಒಂಬತ್ತಕ್ಕೇ ಶುರು ಮಾಡಿದ್ದರಂತೆ. ನನಗೆ ಹೊರಗೆ ಬೆಂಚು. ನಡುವೆ ಗಾಜಿನ ಗೋಡೆ. ಮಾತು ಕೇಳುತ್ತಿರಲಿಲ್ಲ, ಕಾಣುತ್ತಿತ್ತು ಅಷ್ಟೆ. ಅವರು ಎದ್ದು ನಿಂತು ನಂಬರು ಒತ್ತುವರು. ಆ ಕಡೆಯಿಂದ ಏನೋ ಉತ್ತರ ಬರುವುದು. ಮೆಲ್ಲಗೆ ಕುರ್ಚಿಯಲ್ಲಿ ಕೂರುವರು. ಮತ್ತೆ ಎದ್ದು ನಿಂತು ಇನ್ನೊಂದು ನಂಬರು, ಮತ್ತೆ ಕೂರುವರು. ಅವರ ನಿಯಮ ನನಗೆ ತಿಳಿದಿತ್ತಾದ್ದರಿಂದ ಅರ್ಥವಾಯಿತು: ಸತ್ತವರೆಲ್ಲ ಒಬ್ಬೊಬ್ಬರಾಗಿ ಫೋನು ಎತ್ತುತ್ತಿದ್ದಾರೆ! ನಾನು ಬೆಂಚಿನ ಮೇಲೆ ಕೂತು, ನನ್ನ ಪೈಕಿಯವರು ಒಬ್ಬೊಬ್ಬರಾಗಿ ಮೇಲೇಳುವುದನ್ನು ನೋಡುತ್ತ, ಪಕ್ಕದ ನರ್ಸಿಗೆ ಕಾಣದಂತೆ ಕೈ ತಟ್ಟಿದೆ.

ಹನ್ನೆರಡರ ಸುಮಾರಿಗೆ ಅವರು ಪಟ್ಟಿಯ ಇನ್ನೊಂದು ಭಾಗಕ್ಕೆ, ಬದುಕಿರುವವರ ಭಾಗಕ್ಕೆ ಹೊರಳಿದರು. ಕೂತು ನಂಬರು ಒತ್ತಿದರು. ಬಾಯಿ ಆಡಿದ್ದು ಕಂಡಿತು: "ಇದ್ದಾರಾ?" ಆಮೇಲೆ ಕುರ್ಚಿಯ ಕೈಗಳನ್ನು ಹಿಡಿದು, ನಿಧಾನವಾಗಿ, ಅವರು ಎದ್ದು ನಿಂತರು. ಮುಂದಿನ ಫೋನಿಗೂ ಕೂತೇ ಶುರು ಮಾಡಿದರು, ಮತ್ತೆ ಎದ್ದರು. ಮೂರನೆಯದಕ್ಕೂ ಹಾಗೆಯೇ. ನಾಲ್ಕನೆಯದರಿಂದ ಅವರು ಕೂರಲೇ ಇಲ್ಲ. ನನ್ನ ಕೈ ತಟ್ಟುವಿಕೆ ಎಷ್ಟು ಹೊತ್ತಿಗೆ ನಿಂತಿತೋ ನನಗೇ ತಿಳಿಯಲಿಲ್ಲ. ಅವರು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ನಾನು ಮಾಡಬೇಕಾದ ಏಳರಲ್ಲಿ ಎರಡು ತಪ್ಪಿದವು.

ನಾಲ್ಕು ಗಂಟೆಗೆ ಬಾಗಿಲು ತೆರೆದರು. "ಒಳಗೆ ಬನ್ನಿ. ನೀವು ಬದುಕಿದ್ದೀರಿ, ದಾಖಲೆ ಸಾಕು" ಎಂದರು. ನನಗೆ ಕುರ್ಚಿ ತೋರಿಸಿ ಹೇಳಿದರು: "ನಮ್ಮ ಆಸ್ಪತ್ರೆಯಲ್ಲಿ ಸತ್ತವರಿಗೆ ಒಂದು ಅಂತ ಬರೀತೀವಿ, ಬದುಕಿರೋರಿಗೆ ಸೊನ್ನೆ. ನಿಮ್ಮ ಆಸ್ಪತ್ರೆಯಲ್ಲಿ ಬದುಕಿರೋರಿಗೆ ಒಂದು, ಸತ್ತವರಿಗೆ ಸೊನ್ನೆ. ಎರಡೂ ಪಟ್ಟಿನ ಒಂದರ ಕೆಳಗೊಂದು ಅಂಟಿಸಿದ್ದು ನಾನು. ಒಂದು ಅಂದ್ರೇನು ಅಂತ ನಾನು ಕೇಳ್ಲೇ ಇಲ್ಲ."

ಇಂಥ ತಪ್ಪನ್ನು ನಾವು ನೀವು ಮಾಡಲಾರೆವು. ಅದಕ್ಕೆ ಅಪಾರ ವಿದ್ಯೆ ಬೇಕು. ಒಂಬತ್ತು ವಂಶವಾಹಿಗಳ ಅಂತರಂಗ ಬಲ್ಲವರು, ದಶಾಂಶದ ನಾಲ್ಕನೇ ಸ್ಥಾನಕ್ಕೆ ಜಗಳವಾಡುವವರು, ಬದುಕು ಯಾವುದು ಸಾವು ಯಾವುದು ಎಂಬ ಒಂದೇ ಒಂದು ಕಾಲಂ ಅನ್ನು ನಂಬಿಕೆಯ ಮೇಲೆ ಬಿಟ್ಟಿದ್ದರು. ನೂರ ಹದಿನೆಂಟು ಜನರಲ್ಲಿ ನಲವತ್ತೇಳು ಜನ ಬದುಕಿದ್ದೂ ಸತ್ತಿದ್ದೆವು. ಎಪ್ಪತ್ತೊಂದು ಜನ ಸತ್ತೂ ಬದುಕಿದ್ದರು. ನಮ್ಮ ಗುಂಪೇ ದೊಡ್ಡದಾದ್ದರಿಂದ ಇಡೀ ಲೆಕ್ಕವನ್ನು ನಾವೇ ನಮ್ಮ ಕಡೆಗೆ ಎಳೆದುಕೊಂಡು ತಲೆಕೆಳಗು ಮಾಡಿದ್ದೆವು. ಬೇಲಿ ಹೊಲ ಮೇಯುವ ಸಿದ್ಧಾಂತ ಹುಟ್ಟಿದ್ದು ಅಲ್ಲಿಂದ.

"ನಾಳೆ ಹತ್ತಕ್ಕೆ ಮೀಟಿಂಗ್ ಕರೆದಿದ್ದೀನಿ. ನೀವು ಬರಬೇಕು" ಎಂದರು.

"ನಾನ್ಯಾಕೆ?"

"ಕಾಗದ ತೋರಿಸಿದ್ರೆ ಕಾಗದದ ಮೇಲೇ ಮಾತಾಡ್ತಾರೆ. ನಿಮಗೆ ಒಪ್ಪಿಗೆ ಇದ್ರೆ ಮಾತ್ರ."

ಒಪ್ಪಿಗೆಯೇ? ಹೆಂಡತಿ ಅಂಗಿಗೆ ಇಸ್ತ್ರಿ ಹಾಕಿ ಕಳಿಸಿದಳು.

ಉದ್ದ ಮೇಜಿನ ಸುತ್ತ ಹನ್ನೊಂದು ಜನ. ತುದಿಯಲ್ಲಿ ದೊಡ್ಡ ಡಾಕ್ಟರು. ಪಟ್ಟಿಯಕ್ಕ ಗೋಡೆಗೆ ಒತ್ತಿ ಬಂದು, ನನ್ನನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿದರು.

"ಇವರು ಯಾರು?" ಎಂದರು ದೊಡ್ಡ ಡಾಕ್ಟರು.

"ನದಿಯಾಚೆಯ ಪಟ್ಟಿಯ ತೊಂಬತ್ತೊಂದನೇ ನಂಬರು ಸರ್. ತೀರಿಕೊಂಡು ಹದಿನಾಲ್ಕು ತಿಂಗಳಾಗಿದೆ."

ನಾನು ಎದ್ದು ನಮಸ್ಕಾರ ಮಾಡಿದೆ. ಸತ್ತವರ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡುವ ಪದ್ಧತಿ ವಿಜ್ಞಾನದಲ್ಲಿ ಇನ್ನೂ ಬಂದಿಲ್ಲವೆಂದು ಕಾಣುತ್ತದೆ, ಯಾರೂ ಕೈಯೆತ್ತಲಿಲ್ಲ.

"ಒಂದು ನಮೂದು ತಪ್ಪಿರುತ್ತಮ್ಮ, ತಿದ್ದಿದ್ರಾಯ್ತು. ಅದಕ್ಕೆ ಮೀಟಿಂಗಾ?"

"ಒಂದಲ್ಲ ಸರ್, ನೂರ ಹದಿನೆಂಟು. ಸೊನ್ನೆ ಒಂದು ಅದಲುಬದಲಾಗಿದೆ. ಸಿಕ್ಕಷ್ಟು ಮನೆಗೂ ಫೋನ್ ಮಾಡಿದೆ, ಒಂದೂ ತಪ್ಪದೆ ಎಲ್ಲಾ ಉಲ್ಟಾ."

ಯಾರೋ ನೀರಿನ ಲೋಟ ಕೆಳಗಿಟ್ಟ ಸದ್ದಾಯಿತು. "ಹಾಗಾದ್ರೆ ಆರು ವರ್ಷದ ಕೆಲಸ?" ಎಂದರು ದೊಡ್ಡ ಡಾಕ್ಟರು.

"ತಲೆಕೆಳಗು ಸರ್."

"ಆ ಆಸ್ಪತ್ರೆಯವರು ಹೇಳಬೇಕಿತ್ತಲ್ಲ, ಒಂದು ಅಂದ್ರೆ ಏನು ಅಂತ!"

ತಪ್ಪಿಸಿಕೊಳ್ಳಲು ಅಲ್ಲೊಂದು ಬಾಗಿಲು ತೆರೆದಿತ್ತು. ನದಿಯಾಚೆಯ ಯಾವನೋ ಹೆಸರಿಲ್ಲದ ಗುಮಾಸ್ತನ ತಲೆಗೆ ಕಟ್ಟಿದ್ದರೆ ಸುತ್ತಲಿನ ಹನ್ನೊಂದೂ ತಲೆಗಳು ಹೌದು ಹೌದು ಎಂದು ಅಲ್ಲಾಡುತ್ತಿದ್ದವು. ಪಟ್ಟಿಯಕ್ಕ ಕೋಟಿನ ಜೇಬಿಗೆ ಕೈಹಾಕಿ ಹಳದಿ ತಿರುಗಿದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು.

"ಹೇಳಿದ್ರು ಸರ್. ಮೊದಲನೇ ದಿನವೇ ಪಟ್ಟಿ ಜೊತೆ ಈ ಚೀಟಿ ಇತ್ತು. ನಾನು ಓದಿರ್ಲಿಲ್ಲ, ನಿನ್ನೆ ರಾತ್ರಿ ಹಳೇ ಕಡತದಲ್ಲಿ ಸಿಕ್ತು. ತಪ್ಪು ನನ್ನದು. ಇದು ಸೋಮವಾರ ವಾರ್ಡಿಗೆ ಹೋಗಬಾರದು. ಯಾರನ್ನ ಮನೆಗೆ ಕಳಿಸ್ತೀವೋ ಅವರಿಗೇ ಔಷಧ ಬೇಕಾಗಿರೋದು."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಮೂರು ಪುಟದ ಸಾಮ್ರಾಜ್ಯವೊಂದು ಪತನವಾಗುವಾಗ ಸಾಮ್ರಾಟನಿಗೆ ಅಷ್ಟು ಹೊತ್ತು ಕೊಡಬೇಕು. ಆಮೇಲೆ, ಅವರ ದೊಡ್ಡತನ ನಿಜವೆಂದು ನನಗೆ ಮನವರಿಕೆಯಾದದ್ದು ಆಗಲೇ, ಫೋನೆತ್ತಿ ವಾರ್ಡಿಗೆ ಹೇಳಿದರು: "ಆ ದರ್ಜಿಯಮ್ಮನ್ನ ಸೋಮವಾರ ಕಳಿಸಬೇಡಿ. ನಾನೇ ಬಂದು ಮಾತಾಡ್ತೀನಿ." ಫೋನಿಟ್ಟು, ದಣಿದ ನಗೆ ನಕ್ಕು, "ಹಾಗಾದ್ರೆ ಬೇಲಿ ಹೊಲ ಮೇಯ್ಲಿಲ್ಲ ಅನ್ನಿ" ಎಂದರು.

"ಇಲ್ಲ ಸರ್. ಬೇಲಿ ಪಾಪ ತನ್ನ ಕೆಲಸ ತಾನು ಮಾಡ್ತಿತ್ತು."

ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಲು ಐದು ತಿಂಗಳು ಹಿಡಿಯಿತು. ಒಂಬತ್ತು ವಂಶವಾಹಿಗಳಲ್ಲಿ ಆರು ಉಳಿದವು, ಅಂಕದ ಗರ್ವವೂ ಅಷ್ಟೇ ಇಳಿಯಿತು. ಕಾವಲು ಚೆನ್ನಾಗಿದ್ದವರು ಹೆಚ್ಚು ಕಾಲ ಉಳಿಯುತ್ತಾರೆ ಎಂಬ, ಹಳ್ಳಿಯ ಗೌಡನಿಗೂ ಗೊತ್ತಿದ್ದ ಸತ್ಯ ಈಗ ಪುರಾವೆಯೊಂದಿಗೆ ಸ್ಥಾಪಿತವಾಯಿತು. 'ನಮ್ಮ ಲೇಖನ ತಪ್ಪು, ದಯವಿಟ್ಟು ಹಿಂದಕ್ಕೆ ಪಡೆಯಿರಿ' ಎಂಬ ನಾಲ್ಕು ಸಾಲಿನ ಪತ್ರವನ್ನು ಪಟ್ಟಿಯಕ್ಕನೇ ಬರೆದರು. ಅವರಿಗೆಂದು ಇಟ್ಟಿದ್ದ ಮೇಲಿನ ಹುದ್ದೆ ಬೇರೆಯವರಿಗೆ ಹೋಯಿತು. ಕೆಲವರು ಒಂದಷ್ಟು ದಿನ ಟೀ ಹೊತ್ತಿಗೆ ಅವರ ಮೇಜಿನಲ್ಲಿ ಕೂರಲಿಲ್ಲ. ತಪ್ಪು ಅಂಟುರೋಗ ಎಂದು ಅವರು ತಿಳಿದಿದ್ದಿರಬಹುದು. ಬೇಜಾರಾಯ್ತಾ ಎಂದು ಕೇಳಿದೆ. "ಇವತ್ತಿನವರೆಗೆ ನಿದ್ದೆ ಬರ್ತಿದೆ" ಎಂದರು.

ಅವರ ನಿದ್ದೆ ಕೆಡಿಸಿದ್ದು ಬೇರೆ. ಆ ಶುಕ್ರವಾರ ಮಧ್ಯಾಹ್ನ ಗಂಡನನ್ನೋ ತಾಯಿಯನ್ನೋ ಕಳೆದುಕೊಂಡ ಮನೆಗಳಿಗೆ ಫೋನು ಮಾಡಿ, ಕುರ್ಚಿಯಲ್ಲಿ ಆರಾಮವಾಗಿ ಕೂತು, "ಇದ್ದಾರಾ?" ಎಂದು ಕೇಳಿದ್ದರಲ್ಲ, ಅದು. ಮೊದಲ ಮೂರು ಮನೆಗಳು. ಮೂವರಿಗೂ ಕೈಬರಹದಲ್ಲಿ ಕ್ಷಮೆ ಕೇಳಿ ಬರೆದರು. ಒಂದು ಮನೆಯಿಂದ ಉತ್ತರ ಬಂತು, ಅದನ್ನು ನನಗೆ ಓದಲು ಕೊಟ್ಟರು: 'ನೀವು ಕೇಳಿದ ಮೇಲೆ ಅವತ್ತೆಲ್ಲ ಮನೆಯಲ್ಲಿ ಅವರದೇ ಮಾತು. ಇತ್ತೀಚೆಗೆ ಯಾರೂ ಅವರನ್ನ ಕೇಳೋದೇ ಇಲ್ಲ. ಇನ್ನೊಂದು ಸಲ ಫೋನು ಮಾಡಿ.' ಮಾಡುತ್ತಾರೆ, ವರ್ಷಕ್ಕೆರಡು ಸಲ. ಆ ಫೋನಿನಿಂದ ಲೆಕ್ಕಕ್ಕೆ ಏನೂ ಸೇರುವುದಿಲ್ಲ.

ದರ್ಜಿ ಹೆಂಗಸಿಗೆ ಎರಡನೇ ಸುತ್ತಿನ ಔಷಧ ಕೊಟ್ಟರು. ಕೂದಲು ಹೋಯಿತು, ಬಾಯೆಲ್ಲ ಹುಣ್ಣಾಯಿತು, ಔಷಧವನ್ನೂ ಅದನ್ನು ಕಂಡುಹಿಡಿದವರ ಏಳು ತಲೆಮಾರನ್ನೂ ಬೈದುಕೊಂಡೇ ಮುಗಿಸಿದರು. ಎರಡು ವರ್ಷ ಕಳೆದಿದೆ. ಆಸ್ಪತ್ರೆಯ ಎದುರು ಬೀದಿಯಲ್ಲಿ ಅವರ ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡುತ್ತಿದೆ. ನಾದಿನಿ ಈಗ ಕಾಜ ಹಾಕಿಕೊಡುತ್ತಾಳೆ, ಮಾತು ಮಾತ್ರ ಇನ್ನೂ ಶುರುವಾಗಿಲ್ಲವಂತೆ. ಒಂದು ದಿನ ನಾನು ಉಕ್ಕಿ ಬಂದ ಭಾವದಲ್ಲಿ ಪಟ್ಟಿಯಕ್ಕನಿಗೆ, "ಆಕೇನ ಉಳಿಸಿದ್ದು ನೀವು" ಎಂದುಬಿಟ್ಟೆ.

"ಹಾಗೆ ಹೇಳೋಕೆ ಬರಲ್ಲ" ಎಂದು ಕಡ್ಡಿ ತುಂಡು ಮಾಡಿದಂತೆ ಅಂದರು. "ಔಷಧ ಇಲ್ದೇನೂ ಇರ್ತಿದ್ರೇನೋ. ಒಬ್ಬರಿಂದ ಏನೂ ಗೊತ್ತಾಗಲ್ಲ. ನೂರು ಜನ ಬೇಕು, ಐದು ವರ್ಷ ಬೇಕು."

ಈ ಮಾತನ್ನು ದರ್ಜಿ ಹೆಂಗಸಿಗೆ ತಲುಪಿಸಿದೆ. ಬಾಯಲ್ಲಿ ಕಚ್ಚಿದ್ದ ದಾರವನ್ನು ತೆಗೆದು ಆಕೆ, "ಅವರ ಲೆಕ್ಕಕ್ಕೆ ನೂರು ಜನ ಬೇಕು. ನನ್ನ ಲೆಕ್ಕಕ್ಕೆ ನಾನೊಬ್ಬಳು ಸಾಕು" ಎಂದರು.

ಇಬ್ಬರ ಮಾತೂ ಸರಿ ಎಂದು ನನಗೆ ತೋರುತ್ತದೆ, ಮತ್ತು ಪಟ್ಟಿಯಕ್ಕನ ಜಾತಿಯ ಜನರ ಸೊಗಸೆಲ್ಲ ಇರುವುದು ಈ ಎರಡು ಲೆಕ್ಕಗಳ ನಡುವೆ. ನೆಂಟರೆಲ್ಲ ಹೊಗಳುತ್ತಿರುವ ಹೊತ್ತಿನಲ್ಲೇ, ತಾವೇ ಕಟ್ಟಿದ ಗೋಡೆ ಓರೆಯಾಗಿದೆ ಎಂದು ಹೇಳಿಬಿಡುವ ಇಂಥವರೊಂದಿಗೆ ಬಾಳುವುದು ಸುಲಭವಲ್ಲ. ಅವರು ನಮ್ಮ ಉಸಿರನ್ನೂ ದಾಖಲೆಯಿಲ್ಲದೆ ಒಪ್ಪುವುದಿಲ್ಲ, ನಾವು ಕೊಡುವ ಹೊಗಳಿಕೆಯನ್ನು ಸಾಕ್ಷ್ಯ ಸಾಲದೆಂದು ಹಿಂದಿರುಗಿಸುತ್ತಾರೆ. ಆದರೆ ಅವರು ಕಟ್ಟಿದ ಮನೆಯಲ್ಲಿ ಕಣ್ಣುಮುಚ್ಚಿ ಮಲಗಬಹುದು. ಲೋಕ ವೀರರೆಂದು ಹಾಡಿ ಹೊಗಳುವುದು ಗೆದ್ದವರನ್ನು; ತಾವು ಗೆದ್ದದ್ದು ಸುಳ್ಳು ಗೆಲುವೆಂದು ಎದ್ದು ಹೇಳಿ, ಕಿರೀಟವನ್ನು ಕೆಳಗಿಟ್ಟು, ಮರುದಿನ ಬೆಳಗ್ಗೆ ಮೋಟು ಪೆನ್ಸಿಲು ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡುವವರಿಗೆ ಹಾಡಿಲ್ಲ. ನಮ್ಮಲ್ಲಿ ಎಷ್ಟೋ ಜನ ಇಂದು ಉಸಿರಾಡುತ್ತಿರುವುದು ಎಂದೋ, ಯಾವುದೋ ಕಟ್ಟಡದ ಯಾವುದೋ ಮಹಡಿಯಲ್ಲಿ, ಯಾರೋ ಒಬ್ಬರು "ತಪ್ಪು ನನ್ನದು" ಎಂದದ್ದರಿಂದ. ಅವರು ಯಾರೆಂದು ನಮಗೆ ತಿಳಿಯುವುದಿಲ್ಲ. ಕೃತಜ್ಞತೆ ಕಳಿಸೋಣವೆಂದರೆ ವಿಳಾಸವಿಲ್ಲ. ನನ್ನ ಪುಣ್ಯ ದೊಡ್ಡದು, ನನಗೊಂದು ವಿಳಾಸ ಸಿಕ್ಕಿದೆ. ಅದಕ್ಕೇ ಈ ನಾಲ್ಕು ಪುಟ.